ಒಂದೂಕಾಲು ಗಂಟೆ

ರೂವಿಯ ಈ ಆವರಣದಲ್ಲಿ ದೇವರಿಗೂ ವೇಳಾಪಟ್ಟಿ ಉಂಟು.
ಶುಕ್ರವಾರ ಬೆಳಿಗ್ಗೆ ಏಳಕ್ಕೆ ತಮಿಳು,
ಎಂಟೂಕಾಲಿಗೆ ನಾವು,
ಒಂಬತ್ತೂವರೆಗೆ ಬಾಗಿಲಲ್ಲಿ ಇಥಿಯೋಪಿಯದ ಹೆಂಗಸರು
ಬಿಳಿ ಶಾಲು ಹೊದ್ದು, ಡೋಲನ್ನು ಕೂಸಿನಂತೆ ಎತ್ತಿಕೊಂಡು.
ನಾವು ಕೂತಾಗ ಕುರ್ಚಿ ಬೆಚ್ಚಗಿರುತ್ತದೆ.
ಎದ್ದಾಗಲೂ.

ಹಿಂದಿನವರ ಮುಡಿಯಿಂದ ಬಿದ್ದ ಮಲ್ಲಿಗೆ ಗುಡಿಸುವುದು ನನ್ನ ಸೇವೆ.
ಅಯ್ಯನವರು (ಸಭೆಯವರು ಕರೆಯುವ ಹಾಗೆ ನಾನೂ ಕರೆಯುತ್ತೇನೆ,
ಕೋಪ ಬಂದಾಗ ಮಾತ್ರ ಜತ್ತನ್ನ)
ಪ್ರಸಂಗ ಉದ್ದ ಮಾಡಿದರೆ
ಗಡಿಯಾರದ ಕೆಳಗೆ ನಿಂತು ಬಳೆ ಸದ್ದು ಮಾಡಬೇಕು.

ಉಳಿದ ಆರು ದಿನ?
ಖೌಲಾ ಆಸ್ಪತ್ರೆಯಲ್ಲಿ ಕಾಲು ಮುರಿದ ಮೇಸ್ತ್ರಿಗೆ ಗಂಜಿ, ಮಿಡಿ ಉಪ್ಪಿನಕಾಯಿ.
ವಾದಿ ಕಬೀರಿನ ಗ್ಯಾರೇಜಿನಲ್ಲಿ ನಮ್ಮ ಮುದಿ ಕೊರೊಲ್ಲಾ.
ನೆಹೆಮ್ಯನ ಅರಬ್ಬಿ ಪರೀಕ್ಷೆ: ಬಲದಿಂದ ಎಡಕ್ಕೆ ಬರೆದು ಬರೆದು
ಅಜ್ಜಿಗೆ ಬರೆಯುವ ಕಾಗದವನ್ನೂ ಆ ಅಂಚಿನಿಂದಲೇ ಶುರು ಮಾಡುತ್ತಾನೆ.
ರಾತ್ರಿ ಹನ್ನೆರಡಕ್ಕೆ ಫೋನು:
"ಅಯ್ಯ, ಪಾಸ್‌ಪೋರ್ಟ್ ಕೊಡುವುದಿಲ್ಲ ಅನ್ನುತ್ತಾರೆ."
ಎರಡಕ್ಕೆ ಇನ್ನೊಂದು:
"ಅಯ್ಯ, ಊರಲ್ಲಿ ಮಗ ಹುಟ್ಟಿದ, ಹೆಸರು ಹೇಳಿ."
ಎರಡಕ್ಕೂ ಎದ್ದು ಕೂತು, ಒಣಗಿದ ಅದೇ ಗಂಟಲಲ್ಲಿ ಪ್ರಾರ್ಥಿಸುತ್ತಾರೆ.
ನಾನು ಮಗ್ಗುಲಾಗಿ
ನಲವತ್ತು ಜನರ ಇಡ್ಲಿಗೆ ಉದ್ದು ಸಾಕೇ ಎಂದು ಲೆಕ್ಕ ಹಾಕುತ್ತೇನೆ.
ಇದೂ ಪ್ರಾರ್ಥನೆ ಎಂದು ಯಾರೂ ಬರೆದಿಟ್ಟಿಲ್ಲ.

ಚಿಕ್ಕತಾಯಮ್ಮ ಬಂದದ್ದು ಅಂಥದೊಂದು ಗುರುವಾರ.
ಕೊಳ್ಳೇಗಾಲದ ಕಡೆಯವಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ,
ಮೊಣಕೈ ಮೇಲೆ ಇಸ್ತ್ರಿಪೆಟ್ಟಿಯ ಮೂತಿಯಷ್ಟೇ ಚೂಪಾದ ಕಲೆ.
ನಾವು ಕೇಳಲಿಲ್ಲ. ಅವಳು ಹೇಳಲಿಲ್ಲ.
ರಾಯಭಾರ ಕಚೇರಿ ತೆರೆಯುವುದು ಭಾನುವಾರ ಎಂದೆವು.
ಆ ಭಾನುವಾರ ಬರಲು ಹನ್ನೊಂದು ದಿನ ಹಿಡಿಯಿತು.

ಮಕ್ಕಳ ಕೋಣೆಯಲ್ಲಿ ಚಾಪೆ. ಸುಮ್ಮನೆ ಕೂರುವವಳಲ್ಲ.
ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆ ಒಗೆಯುತ್ತಾ
ಮಾದಪ್ಪನ ಪದ ಗುನುಗುತ್ತಿದ್ದಳು,
ಏಳು ಮಲೆಯನ್ನೂ ನಮ್ಮ ಬಚ್ಚಲಿಗೆ ಇಳಿಸಿಕೊಂಡು.
ಅಯ್ಯನವರು ಹೊರಗೆ ಟವೆಲು ಹಿಡಿದು ನಿಂತರು.
ಪದ ಮುಗಿಯುವ ತನಕ ಬಾಗಿಲು ತಟ್ಟಲಿಲ್ಲ.

ಒಂದು ಸಂಜೆ ಖಜಾಂಚಿ ಕರ್ಕಡರು ಬಂದರು.
ಕಾನೂನಿಗೆ ಹೆದರುವ ಒಳ್ಳೆಯ ಮನುಷ್ಯ;
ಹೆದರಲು ಕಾರಣವೂ ಉಂಟು, ನಮ್ಮ ವೀಸಾದ ಕಾಗದವೆಲ್ಲ ಅವರ ಕಪಾಟಿನಲ್ಲಿ.
ಹೊಸ್ತಿಲಲ್ಲೇ ಚಪ್ಪಲಿ ಎಣಿಸಿದರು.
"ಈ ನೀಲಿ ಹವಾಯಿ ಯಾರದ್ದು ಮಗಾ?"
ಎಂಟು ವರ್ಷದ ತಬಿಥ, ಕಣ್ಣು ಮಿಟುಕಿಸದೆ:
"ಚಿಕ್ಕತಾಯಿದು."
"ಓ, ಅಮ್ಮನ ತಂಗಿ ಬಂದಿದ್ದಾರೋ! ಹೇಳಲೇ ಇಲ್ಲ!"
ಚಹಾ ಕುಡಿದರು, ಸಕ್ಕರೆ ಕಡಿಮೆ ಎಂದರು, ಹೋದರು.

ಊಟಕ್ಕೆ ಕೂತಾಗ ಅವಳೇ ಎತ್ತಿದಳು:
"ಅಪ್ಪಾ, ರಾಹಾಬಳು ಗೂಢಚಾರರನ್ನು ಮಾಳಿಗೆಯಲ್ಲಿ
ಸೆಣಬಿನ ದಂಟಿನಡಿ ಬಚ್ಚಿಟ್ಟು, ಅವರು ಹೋದರು ಅಂದಳಲ್ಲ,
ಅವಳಿಗೆ ಪೆಟ್ಟು ಬಿತ್ತಾ?"
ಹತ್ತು ಆಜ್ಞೆಗಳನ್ನು ಹತ್ತು ಬೆರಳಲ್ಲಿ ಕಲಿಸಿದವರು
ಒಂಬತ್ತನೆಯದನ್ನು ಸಾರಿನಲ್ಲಿ ಅದ್ದಿ ಕೂತರು.
"ನಾನು ಸುಳ್ಳು ಹೇಳಲಿಲ್ಲ. ಹೆಸರು ಹೇಳಿದೆ.
ಚಿಕ್ಕತಾಯಿ ಅಂತಲೇ ಅಲ್ವಾ ಹೆಸರು?"
ಅಡುಗೆಮನೆಯಿಂದ ಸ್ವರ:
"ಏನವ್ವಾ, ನನ್ನ ಕೂಗುದ್ರಾ?"
ನೆಹೆಮ್ಯನಿಗೆ ನೀರು ನೆತ್ತಿಗೇರಿತು. ಅಯ್ಯನವರೂ ನಕ್ಕರು.
ಆಮೇಲೆ ಬಹಳ ಹೊತ್ತು ತಟ್ಟೆಯನ್ನೇ ನೋಡಿದರು.

ರಾತ್ರಿಯ ವಿಮಾನಕ್ಕೆ ನನ್ನ ಬೂಟು ಹಾಕಿ ಕಳಿಸಿದೆ.
ಅವಳ ಪಾದಕ್ಕೆ ಒಂದು ಬೆರಳು ದೊಡ್ಡದು, ಹತ್ತಿ ತುರುಕಿದೆವು.
ಮಾದಪ್ಪನಿಗೆ ನಿಮ್ಮ ಹೆಸರಲ್ಲೂ ಕಾಯಿ ಒಡೆಸುತ್ತೇನೆ ಎಂದಳು.
ಬೇಡ ಎನ್ನಲು ಅಯ್ಯನವರು ಬಾಯಿ ತೆರೆದರು,
"ಹುಷಾರಾಗಿ ಹೋಗಮ್ಮ" ಎಂದುಬಿಟ್ಟರು.

ಆ ಶುಕ್ರವಾರ ಮೇಜಿನ ಬಟ್ಟೆ ಗಂಜಿ ಹಾಕಿದಂತೆ ಗರಿಗರಿ ನಿಂತಿತ್ತು.
ಪ್ರಸಂಗ ಯೆರಿಕೋವಿನ ಮೇಲೆ.
ಒಂಬತ್ತು ಮೂವತ್ತೆಂಟಾದರೂ ನಾನು ಬಳೆ ಅಲ್ಲಾಡಿಸಲಿಲ್ಲ.
ಡೋಲಿನವರು ಬಿಸಿಲಲ್ಲಿ ಕಾದರು, ಪಾಪ.

ನೀಲಿ ಹವಾಯಿ ಇನ್ನೂ ಹೊಸ್ತಿಲಲ್ಲೇ ಇವೆ.
ಮೊನ್ನೆ ಕರ್ಕಡರು ಬಗ್ಗಿ ನೋಡಿ,
"ನಿಮ್ಮ ತಂಗಿ ಇನ್ನೂ ಹೋಗಲಿಲ್ಲವೋ?" ಎಂದರು.
ಇಲ್ಲ, ಎಂದೆ.
ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿದೆ.